ಕೈಗೆ ಎಟುಕುವ ಮಾವಿನ ಮರ

ಸ್ನೇಹಿತರೇ, ಇವತ್ತು ಬೆಳಿಗ್ಗೆ ಕುಕ್ ಟೌನಿನ ನಮ್ಮ ಮನೆ ಹಿತ್ತಲಿನ ಮಾವಿನ ಮರವನ್ನು ನಾನೇ ಮುಂದೆ ನಿಂತು ಕಡಿಸಿ, ನನ್ನ ಕೈಗೆ ಎಟುಕುವಷ್ಟು ಗಿಡ್ಡ ಮಾಡಿಸಿದೆ. ಮಧ್ಯಾಹ್ನ ಮಹಡಿ ಮನೆಯಲ್ಲಿ ಬಾಡಿಗೆಗಿರುವ ಸೆಲ್ವಿ ಕೆಳಗೆ ಬಂದಳು. ಹೊಗಳಲಿಕ್ಕೇ ಬಂದಳೆಂದುಕೊಂಡು ಶುರು ಮಾಡಿಬಿಟ್ಟೆ: "ನೋಡು ಸೆಲ್ವಿ, ಇನ್ನು ಏಣಿ ಬೇಡ, ದೋಟಿ ಬೇಡ. ಹಣ್ಣೆಲ್ಲ ನಿಂತಲ್ಲೇ ಕಿತ್ಕೋಬಹುದು!"

"ಚೆನ್ನಾಗಿದೆ ಆಂಟಿ" ಎಂದಳು. ಆಮೇಲೆ, "ಅಮ್ಮ ಮಾತ್ರ ಮರ ಎಲ್ಲೋಯ್ತು, ಮರ ಎಲ್ಲೋಯ್ತು ಅಂತ ಕೇಳ್ತಾನೇ ಇದಾರೆ" ಎಂದಳು.

ಅವಳ ಅಮ್ಮ ಬಿದ್ದು ಸೊಂಟ ಮುರಿದುಕೊಂಡಾಗಿನಿಂದ ಹಾಸಿಗೆಯಲ್ಲೇ ಇದ್ದಾರೆ. ಅವರ ಮಂಚ ಕಿಟಕಿಯ ಪಕ್ಕದಲ್ಲಿದೆ ಎಂದು ನನಗೆ ಗೊತ್ತಿತ್ತು. ಆ ಕಿಟಕಿಯಾಚೆ ಅವರ ಕಣ್ಣಿಗೆ ಬೀಳುತ್ತಿದ್ದದ್ದು ನಮ್ಮ ಮರದ ತುದಿಯೊಂದೇ ಎನ್ನುವುದು ಹೊಳೆದೇ ಇರಲಿಲ್ಲ.

ಮೇಲೆ ಹೋದೆ. ಅವರು ಪಕ್ಕದ ಮನೆಯ ನೀರಿನ ಟ್ಯಾಂಕನ್ನು ನೋಡುತ್ತಾ ಮಲಗಿದ್ದರು. "ಮತ್ತೆ ಚಿಗುರುತ್ತೆ ಅಮ್ಮಾ" ಎಂದೆ. ಚಿಗುರಿದ ಹಾಗೆಲ್ಲ ಕತ್ತರಿಸಬೇಕೆಂದು ಬೆಳಿಗ್ಗೆ ತೀರ್ಮಾನಿಸಿದವಳೂ ನಾನೇ.

"ಇರ್ಲಿ ಮಾ, ನಿನ್ನ ಮರ ತಾನೇ. ಈಗ ಬೆಳಕು ಚೆನ್ನಾಗಿ ಬರ್ತಿದೆ" ಎಂದು ಅವರೇ ನನ್ನನ್ನು ಸಮಾಧಾನ ಮಾಡಿದರು. ಬಿಸಿಲು ನೇರವಾಗಿ ಅವರ ಕಣ್ಣಿಗೇ ಹೊಡೆಯುತ್ತಿತ್ತು. ಅವರ ಮುಖ ನೋಡಲು ನನಗೆ ಆಗಲಿಲ್ಲ.

ಈಗ ಆ ಕಿಟಕಿಗೆ ಪರದೆ ತರಲು ಶಿವಾಜಿನಗರಕ್ಕೆ ಹೊರಟಿದ್ದೇನೆ. ಈ ಸಲ ಬುದ್ಧಿ ಬಂದು, ಯಾವ ಬಣ್ಣ ಬೇಕೆಂದು ಅವರನ್ನು ಮೊದಲೇ ಕೇಳಿದೆ.

"ಹಸಿರು" ಎಂದರು.