ಆಯಿ ಅಜ್ಜನ ಹೆಸರು ಕೂಗಿದ ದಿನ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಒಂದು ಹೆಸರನ್ನು ಹೆಂಗಸರು ಬಾಯಿಗೆ ತರುವ ಹಾಗಿರಲಿಲ್ಲ. ಅದು ನಮ್ಮ ಅಜ್ಜನ ಹೆಸರು. ಅಜ್ಜಿಯನ್ನು ನಾವು ಆಯಿ ಎಂದು ಕರೆಯುತ್ತಿದ್ದೆವು. ಗಂಡನ ಹೆಸರೆಂದು ಆಯಿ ಅದನ್ನು ಹೇಳುತ್ತಿರಲಿಲ್ಲ, ಮಾವನ ಹೆಸರೆಂದು ಅವ್ವ ಹೇಳುತ್ತಿರಲಿಲ್ಲ. ಹೇಳಿದರೆ ಆ ಹೆಸರಿನವರ ಆಯುಷ್ಯ ಕಡಿಮೆಯಾಗುತ್ತದೆ ಎಂದು ಆಗಿನವರು ನಂಬಿದ್ದರು. ಹಲ್ಲು ಕಿಸಿಯಬೇಡಿ, ಮೊಮ್ಮಕ್ಕಳೇ. ಪೂರ್ತಿ ಕೇಳಿ, ಆಮೇಲೆ ಬೇಕಾದಷ್ಟು ನಗುವಿರಂತೆ.

ನಮ್ಮ ಮನೆ ಇದ್ದದ್ದು ಧಾರವಾಡದ ಕೆಲಗೇರಿ ಕೆರೆಯ ಹತ್ತಿರ. ಅಜ್ಜನ ಕೆಲಸ ಮಾವಿನ ಗಿಡಗಳಿಗೆ ಕಸಿ ಕಟ್ಟುವುದು. ಹುಳಿ ಮಾವಿನ ಸಸಿಗೆ ಸಿಹಿ ಹಣ್ಣಿನ ಮರದ ಟೊಂಗೆ ಜೋಡಿಸಿ, ದಾರ ಸುತ್ತಿ, ಮೇಲೆ ಸೆಗಣಿ ಮಣ್ಣು ಮೆತ್ತುತ್ತಿದ್ದ. ಊರಿನ ವಕೀಲರ ಹಿತ್ತಿಲು, ಮಾಸ್ತರರ ಹಿತ್ತಿಲು, ಎಲ್ಲ ಕಡೆ ಅವನು ಕಟ್ಟಿದ ಗಿಡಗಳಿದ್ದವು. ದಾರಿಯಲ್ಲಿ ಹೋಗುವಾಗ ಕಾಂಪೌಂಡಿನ ಹೊರಗೆ ನಿಂತು, "ಏನವಾ, ಆರಾಮ ಅದೀ?" ಎಂದು ಗಿಡವನ್ನೇ ಮಾತಾಡಿಸುವ ಮನುಷ್ಯ. ಅವನ ಹೆಗಲ ಮೇಲೆ ಕೂತರೆ ನನ್ನ ಮೂಗಿಗೆ ಮಾವಿನ ಸೊನೆಯ ವಾಸನೆ ಬಡಿಯುತ್ತಿತ್ತು. ಅಪ್ಪ ಹುಡುಗನಿದ್ದಾಗ ಒಮ್ಮೆ ಚೆಂಡಾಟ ಆಡಿ ಹೊಸ ಕಸಿಯ ಗಿಡ ಮುರಿದನಂತೆ. ಅಜ್ಜ ಹೊಡೆಯಲಿಲ್ಲ. ಅಪ್ಪನ ಕೈಗೆ ದಾರದ ಉಂಡೆ ಕೊಟ್ಟು, "ಈಗ ನೀನ ಕಟ್ಟು" ಎಂದನಂತೆ. ಅಪ್ಪ ಕಟ್ಟಿದ ಆ ಗಿಡ ಡೊಂಕಾಗಿ ಬೆಳೆದಿತ್ತು, ಆದರೆ ಹಣ್ಣು ಮಾತ್ರ ಬೆಲ್ಲದಂಥವು.

ಪ್ರತಿ ವರ್ಷ ಮೊದಲ ಹಣ್ಣು ಇಳಿದಾಗ ಅಜ್ಜನದು ಒಂದು ಆಟ. ಹಣ್ಣನ್ನು ಎತ್ತಿ ಹಿಡಿದು ಆಯಿಗೆ, "ನನ್ನ ಹೆಸರ ಹಿಡದು ಒಂದ ಸಲ ಕರಿ, ಕೊಡತೇನಿ" ಎನ್ನುತ್ತಿದ್ದ. ಆಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಕೊಡಬ್ಯಾಡ್ರಿ ಹೋಗ್ರಿ, ನಿಮ್ಮ ಹಣ್ಣು ಯಾರಿಗೆ ಬೇಕಾಗೇತಿ" ಎನ್ನುತ್ತಿದ್ದಳು. ಅಜ್ಜ ನಗುತ್ತ ಹಣ್ಣು ಕೊಟ್ಟುಬಿಡುತ್ತಿದ್ದ. ಆಯಿ ಅದರಲ್ಲಿ ಅರ್ಧ ಅವನಿಗೇ ತಿನ್ನಿಸುತ್ತಿದ್ದಳು.

ನನಗೆ ಆರು ವರ್ಷವಿದ್ದಾಗ ಅಜ್ಜ ಜ್ವರ ಬಂದು ತೀರಿಕೊಂಡ. ಅದೇ ವರ್ಷ ತಮ್ಮ ಹುಟ್ಟಿದ. ಅಜ್ಜನ ಹೆಸರನ್ನೇ ಇಡಬೇಕೆಂದು ಆಯಿ ಹಟ ಹಿಡಿದಳು. ಇಟ್ಟದ್ದೂ ಆಯಿತು, ತೊಟ್ಟಿಲು ತೂಗಿದ್ದೂ ಆಯಿತು. ಆಮೇಲೆ ಆಯಿಗೂ ಅವ್ವನಿಗೂ ಹೊಳೆಯಿತು, ಇನ್ನು ಇವನನ್ನು ಕರೆಯುವುದು ಹೇಗೆ? ಕೊನೆಗೆ ಇಬ್ಬರೂ ಅವನಿಗೆ 'ಸಣ್ಣವರು' ಎನ್ನತೊಡಗಿದರು. "ಸಣ್ಣವರ, ಹಾಲು ಕುಡೀರಿ." "ಸಣ್ಣವರ, ಅಂಗಳದಾಗ ಉಚ್ಚಿ ಹೊಯ್ಯಬ್ಯಾಡ್ರಿ." ನಾನು ಅವನಿಗೆ ಒಂದು ಗುದ್ದು ಕೊಟ್ಟರೆ ಆಯಿ ಕಣ್ಣು ಕೆಂಪು ಮಾಡಿ, "ಅಜ್ಜಗ ಹೊಡಿತೀಯೇನ?" ಎಂದು ಗದರುತ್ತಿದ್ದಳು. ಅವನನ್ನು ಹೆಸರು ಹಿಡಿದು ಕರೆಯುತ್ತಿದ್ದವರು ಅಪ್ಪ ಮತ್ತು ನಾನು ಇಬ್ಬರೇ.

"ಅಜ್ಜ ಈಗ ಇಲ್ಲಲ್ಲಾ, ಆಯಿ. ಈಗರ ಹೇಳಬಹುದಲ್ಲಾ?" ಎಂದು ಒಮ್ಮೆ ಕೇಳಿದ್ದೆ.

"ಇಲ್ಲಂದ್ರ ಏನಾತು? ಗಂಡ ಗಂಡನ ಅಲ್ಲೇನು?" ಎಂದು ನನ್ನ ಬಾಯಿ ಮುಚ್ಚಿಸಿದಳು.

ತಮ್ಮನಿಗೆ ಮೂರು ವರ್ಷವಾದಾಗ, ಒಂದು ಬೇಸಿಗೆಯಲ್ಲಿ ಆಯಿ ನಮ್ಮಿಬ್ಬರನ್ನೂ ಊರೊಳಗಿನ ಸಂತೆಗೆ ಕರೆದುಕೊಂಡು ಹೋದಳು. ಬಿಸಿಲು ಅಂದರೆ ಬಿಸಿಲು. ಒಣಮೆಣಸಿನಕಾಯಿಯ ಘಾಟಿಗೆ ಸೀನಿ ಸೀನಿ ಸಾಕಾಯಿತು. ಒಂದು ಕಡೆ ಬೆಲ್ಲದ ಪೆಂಟೆಗಳು, ಇನ್ನೊಂದು ಕಡೆ ಕುಂಬಾರರ ಗಡಿಗೆಗಳು, ನಡುವೆ ಕಾಲಿಡಲು ಜಾಗವಿಲ್ಲದಷ್ಟು ಮಂದಿ. ಆಯಿ ಬೆಲ್ಲದ ಅಂಗಡಿಯ ಮುಂದೆ ಕೂತು, "ಅವರ ಕೈ ಬಿಡಬ್ಯಾಡ ನೋಡು" ಎಂದು ತಮ್ಮನನ್ನು ನನಗೆ ಒಪ್ಪಿಸಿದಳು.

ಪಕ್ಕದಲ್ಲೇ ಬಳೆಗಾರ ಕೂತಿದ್ದ. ಹಸಿರು ಬಳೆ, ಮೇಲೆ ಹಳದಿ ಚುಕ್ಕೆ. ಒಂದೇ ಒಂದು ಬಳೆ ಹಾಕಿ ನೋಡೋಣವೆಂದು ನಾನು ಕೈ ಬಿಟ್ಟೆ. ತಿರುಗಿ ನೋಡುವಷ್ಟರಲ್ಲಿ ತಮ್ಮ ಇಲ್ಲ.

ಓಡಿ ಹೋಗಿ ಆಯಿಗೆ ಹೇಳಿದೆ. ಆಯಿ ಬಯ್ಯಲಿಲ್ಲ. ಅವಳ ಮುಖ ನೋಡಿಯೇ ನನಗೆ ಅಳು ಒತ್ತರಿಸಿತು. "ನೀ ಮೆಣಸಿನಕಾಯಿ ಸಾಲಿನ ಕಡೆ ಓಡು, ನಾ ಇಲ್ಲೆ ನೋಡತೇನಿ" ಎಂದಳು. ನಾನು ತಮ್ಮನ ಹೆಸರು ಕೂಗುತ್ತ ಆ ಕಡೆ ಓಡಿದೆ. ಅಳುವಿನಲ್ಲಿ ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ.

ಆಯಿ "ಸಣ್ಣವರ! ಸಣ್ಣವರ!" ಎಂದು ಕೂಗಿದಳಂತೆ. ಯಾರೂ ತಿರುಗಿ ನೋಡಲಿಲ್ಲ. "ಏ ಕೂಸ!" ಎಂದಳಂತೆ. ಸಂತೆಯಲ್ಲಿದ್ದ ಕೂಸುಗಳೆಲ್ಲ ತಿರುಗಿ ನೋಡಿದವು. ಆಗ ಬೆಲ್ಲದಂಗಡಿಯ ಕಾಕಾ ಎದ್ದು ಬಂದ. ಇದನ್ನೆಲ್ಲ ಮುಂದೆ ಅವನೇ ಅಪ್ಪನಿಗೆ ಹೇಳಿದ್ದು.

"ಹುಡುಗನ ಹೆಸರೇನ್ರಿ? ಹೇಳ್ರಿ, ನಾ ಕೂಗತೇನಿ."

"ಅದನ್ನ ನಾ ಹೆಂಗ ಹೇಳ್ಲೋ ಯಪ್ಪಾ!"

"ಮೊಮ್ಮಗನ ಹೆಸರು ಗೊತ್ತಿಲ್ಲೇನ್ರಿ?"

"ಗೊತ್ತೈತೋ! ನಮ್ಮನಿಯವರ ಹೆಸರು!"

ಕಾಕಾ ಹಣೆ ಬಡಿದುಕೊಂಡನಂತೆ. ಹೆಂಗಸರು ಮದುವೆ ಮುಂಜಿವೆಗಳಲ್ಲಿ ಗಂಡನ ಹೆಸರನ್ನು ಸಣ್ಣ ಪದ್ಯದೊಳಗೆ ಸೇರಿಸಿ ಹೇಳುತ್ತಿದ್ದರು. ಅದಕ್ಕೆ ಒಡಪು ಎನ್ನುತ್ತಾರೆ. ಒಡಪಿನಲ್ಲಿ ಹೇಳಿದರೆ ದೋಷವಿಲ್ಲ. ಆಯಿಗೆ ಆ ಗಾಬರಿಯಲ್ಲಿ ಅದೊಂದೇ ನೆನಪಾಯಿತು. ಬೆಲ್ಲದಂಗಡಿಯ ಕಟ್ಟೆ ಹತ್ತಿ ನಿಂತಳು, ಇಡೀ ಸಂತೆಗೆ ಕೇಳುವ ಹಾಗೆ ಹೇಳಿದಳು:

"ಮಾವಿನ ಟೊಂಗಿಗೆ ಟೊಂಗಿ ಜೋಡಿಸಿ ಬಿಗದಾರ ದಾರಾ,
ನಿಂಗಪ್ಪ ಅಂದ್ರ ನನ್ನ ಕೊರಳಾನ ಬೋರಮಾಳ ಸರಾ!"

ನಾನು ದೂರದ ಸಾಲಿನಲ್ಲಿ ಕೇಳಿ ಕಲ್ಲಾಗಿ ನಿಂತೆ. ಒಡಪು ಹೇಳಿ ಅವಳ ಬಾಯಿ ಬಿಚ್ಚಿಕೊಂಡಿತೋ ಏನೋ, ಆಮೇಲೆ ಪದ್ಯವೂ ಇಲ್ಲ, ಏನೂ ಇಲ್ಲ. "ನಿಂಗಪ್ಪಾ! ಏ ನಿಂಗಪ್ಪಾ! ಎಲ್ಲಿ ಹೋದ್ಯೋ, ನನ್ನ ಬಿಟ್ಟು ಎಲ್ಲಿ ಹೋದ್ಯೋ!" ಎಂದು ಎದೆ ಒಡೆದು ಕೂಗಿದಳು. ಅವಳು ತಮ್ಮನೊಬ್ಬನನ್ನೇ ಕರೆಯುತ್ತಿಲ್ಲ ಅನ್ನಿಸಿ ನನಗೆ ಇನ್ನಷ್ಟು ಅಳು ಬಂತು.

ನಮ್ಮ ಕಡೆ ನಿಂಗಪ್ಪಗಳಿಗೇನು ಬರವೇ? ಒಬ್ಬ ಹಮಾಲ, "ಏನ್ರಿ ಯಮ್ಮಾ?" ಎಂದು ಮೂಟೆ ಹೊತ್ತುಕೊಂಡೇ ಓಡಿ ಬಂದ. ರುಮಾಲು ಸುತ್ತಿದ ಮುದುಕನೊಬ್ಬ, "ನಾನ ಏನ್ರಿ?" ಎಂದ. ಅಷ್ಟರಲ್ಲಿ ಕುಂಬಾರರ ಸಾಲಿನಿಂದ "ಓ!" ಎಂದು ಗುಡುಗಿದಂಥ ದನಿ ಬಂತು. ಕಾಳು ತುಂಬುವ ದೊಡ್ಡ ಹರವಿಯೊಂದರ ಒಳಗೆ ನಮ್ಮ ತಮ್ಮ ಇಳಿದು ಕೂತಿದ್ದ! ಕುಂಬಾರ ಅವನ ಎರಡೂ ರಟ್ಟೆ ಹಿಡಿದು ಎತ್ತಿದ. ಮೈತುಂಬ ಕೆಮ್ಮಣ್ಣು, ಮುಖದ ತುಂಬ ನಗು.

ಆಯಿ ಅವನನ್ನು ಅವುಚಿಕೊಂಡಳು, ಕುಂಡೆಗೆ ಒಂದು ಬಾರಿಸಿದಳು, ಮತ್ತೆ ಅವುಚಿಕೊಂಡಳು. ಮೂರು ವರ್ಷದಲ್ಲಿ ಆಯಿಯ ಕೈಯಿಂದ ಅವನು ತಿಂದ ಮೊದಲ ಪೆಟ್ಟು ಅದು. ಹಮಾಲ ನಿಂಗಪ್ಪ ಕಣ್ಣೊರೆಸಿಕೊಂಡ. ಬೆಲ್ಲದ ಕಾಕಾ ನನಗೂ ತಮ್ಮನಿಗೂ ಒಂದೊಂದು ಬೆಲ್ಲದ ಚೂರು ಕೊಟ್ಟ, ನನಗೆ ಮಾತ್ರ ಕೊಡುವಾಗ, "ಬಳಿ ಹಾಕ್ಕೊಂಡಿಯಿಲ್ಲೋ ಮತ್ತ?" ಎಂದು ಕಿವಿ ಹಿಂಡಿದ.

ಹಿಂದಿರುಗುವಾಗ ಕೆರೆಯ ದಂಡೆಯ ಹುಣಸೆಮರದ ಕೆಳಗೆ ಕೂತೆವು. ತಮ್ಮ ಆಯಿಯ ತೊಡೆಯ ಮೇಲೆ ನಿದ್ದೆ ಹೋಗಿದ್ದ. ಆಯಿ ಅವನ ತಲೆ ನೇವರಿಸುತ್ತ ಮೆಲ್ಲಗೆ, "ನಿಂಗಪ್ಪ" ಎಂದಳು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ, "ನಿಂಗಪ್ಪ" ಎಂದಳು. ನಕ್ಕಳು. ಆಮೇಲೆ ನನ್ನ ಕಡೆ ತಿರುಗಿ ಹೇಳಿದಳು, "ಎಷ್ಟ ಛಲೋ ಹೆಸರ ಐತಿ ನೋಡವಾ. ಅವರು ಇದ್ದಾಗ ಒಂದ ಸಲರ ಕರೀಬೇಕಾಗಿತ್ತು. ಬಾಳ ಆಸಿ ಪಟ್ಟಿದ್ರು." ಅವಳ ಕಣ್ಣಲ್ಲಿ ನೀರಿತ್ತು, ಆದರೆ ಮುಖ ಹಗುರಾಗಿತ್ತು. ನನಗೂ ಅಳುವುದೋ ನಗುವುದೋ ತಿಳಿಯಲಿಲ್ಲ.

ಅಂದಿನಿಂದ ಆಯಿಗೆ ಆ ಹೆಸರಿನ ಹುಚ್ಚೇ ಹಿಡಿಯಿತು. ಬೆಳಗಾದರೆ ನಿಂಗಪ್ಪ, ಸಂಜೆಯಾದರೆ ನಿಂಗಪ್ಪ. ಮೊದಲ ದಿನ ಕೇಳಿದ ಅಪ್ಪ ಉಣ್ಣುತ್ತಿದ್ದ ರೊಟ್ಟಿಯನ್ನು ಕೈಯಲ್ಲೇ ಹಿಡಿದು ಕೂತುಬಿಟ್ಟ. ಅವ್ವ ಮಾತ್ರ ಕೊನೆಯವರೆಗೂ 'ಸಣ್ಣವರು' ಎಂದೇ ಕರೆದಳು, ತಮ್ಮನ ಮೀಸೆ ಬೆಳ್ಳಗಾದರೂ.

ಈಗ ನಿಮ್ಮ ಅಮ್ಮ ಮಹಡಿಯ ಮೇಲಿನಿಂದ ನಿಮ್ಮ ಅಪ್ಪನ ಹೆಸರನ್ನು ಅರ್ಧ ಮಾಡಿ ಕೂಗುತ್ತಾಳೆ. ಫೋನಿನಲ್ಲಿ ಆ ಹೆಸರಿನ ಪಕ್ಕ ಒಂದು ಪುಟ್ಟ ಹೃದಯದ ಚಿತ್ರವನ್ನೂ ಹಚ್ಚಿದ್ದಾಳಂತೆ. ಮೊದಮೊದಲು ಕೇಳಿದಾಗ ನಾನೂ ಬೆಚ್ಚಿದ್ದೆ, ಸುಳ್ಳೇಕೆ ಹೇಳಲಿ. ಆದರೆ ನಾನೇನು ಕಡಿಮೆಯವಳಲ್ಲ. ಮದುವೆಯಾದ ಎಂಟನೆಯ ದಿನ, ಅತ್ತೆ ಹಿತ್ತಿಲಿಗೆ ಹೋದದ್ದನ್ನು ನೋಡಿ ನಿಮ್ಮ ಅಜ್ಜನನ್ನು ಹೆಸರು ಹಿಡಿದು ಕರೆದೆ. ಅವರ ಕೈಯಲ್ಲಿದ್ದ ತಂಬಿಗೆ ಜಾರಿ ಮನೆಯೆಲ್ಲ ನೀರಾಯಿತು. ಒರೆಸುತ್ತ ಒರೆಸುತ್ತ, "ಇನ್ನೊಂದ ಸಲ ಕರಿ" ಎಂದರು. ಈಗ ಅವರಿಗೆ ಕಿವಿ ಮಂದ. ಊಟಕ್ಕೆ ಬರಬೇಕೆಂದರೆ ಮೂರು ನಾಲ್ಕು ಸಲ ಕೂಗಬೇಕು. ಕೂಗುತ್ತೇನೆ, ನನಗೇನೂ ಬೇಜಾರಿಲ್ಲ.