ಬಿಂದಿಗೆ ಜಪ್ತಿ ಮಾಡುವ ವನಜಾಕ್ಷಿ

ಹೆಮ್ಮರಗಾಲದ ಬೀದಿ ನಲ್ಲಿಗೆ ಇನ್ನೂ ನೀರು ಬಂದಿಲ್ಲ. ಬೆಳಕು ಹರಿಯುವ ಹೊತ್ತು. ಗುಲಾಬಿ ಸೀರೆಯುಟ್ಟ ಆಶಾ ಕಾರ್ಯಕರ್ತೆ ವನಜಾಕ್ಷಿ ಸೊಂಟದ ಮೇಲೆ ಖಾಲಿ ಸ್ಟೀಲ್ ಬಿಂದಿಗೆ ಇಟ್ಟುಕೊಂಡು ಬಿರಬಿರನೆ ನಡೆಯುತ್ತಿದ್ದಾರೆ, ಹಿಂದೆಯೇ ನಾನು. ನೀರಿಗೆ ಹೊರಟವರಲ್ಲ, ಬಿಂದಿಗೆ ಅವರದೂ ಅಲ್ಲ. ಮೂರು ತಿಂಗಳ ಹಿಂದೆ ಚನ್ನಾಜಮ್ಮನ ಮನೆಯಿಂದ ತಾವೇ ಎತ್ತಿಕೊಂಡು ಬಂದದ್ದನ್ನು ಈಗ ವಾಪಸು ಕೊಡಲು ಹೊರಟಿದ್ದಾರೆ.

ವನಜಾಕ್ಷಿಯ ಮನೆಯ ಜಗಲಿಯಲ್ಲಿ ಇಂಥವು ಇನ್ನೂ ಕೆಲವು ಬೋರಲು ಬಿದ್ದಿವೆ. ಎಲ್ಲವೂ ಆಪರೇಷನ್ ಆದ ಹೆಂಗಸರವು. ಗರ್ಭಕೋಶ ಜಾರಿದರೂ, ಕೆಮ್ಮಿದರೆ ನಕ್ಕರೆ ಮೂತ್ರ ಸೋರಿದರೂ ವರ್ಷಗಟ್ಟಲೆ ಯಾರ ಬಳಿಯೂ ಬಾಯಿ ಬಿಡದೆ ನರಳಿದವರು ಇವರು. ಅವರನ್ನು ನಂಜನಗೂಡಿನ ಆಸ್ಪತ್ರೆಗೆ ಕರೆದೊಯ್ಯುವುದು, ಗಂಡನನ್ನು ಒಪ್ಪಿಸುವುದು, ಆಪರೇಷನ್ ಥಿಯೇಟರಿನ ಬಾಗಿಲವರೆಗೂ ಕೈ ಹಿಡಿದಿರುವುದು ವನಜಾಕ್ಷಿ.

"ಎಲ್ಲರಿಗೂ ಆಪರೇಷನ್ ಬೇಕಿಲ್ಲ, ವ್ಯಾಯಾಮದಲ್ಲೇ ಸರಿಹೋಗುವವರೂ ಇದ್ದಾರೆ" ಎನ್ನುತ್ತಾರೆ ಅಲ್ಲಿನ ಡಾಕ್ಟರ್ ಮೇಘನಾ. "ಬೇಕಾದವರಿಗೆ ಸಾಮಾನ್ಯವಾಗಿ ಹೊಟ್ಟೆ ಕುಯ್ಯದೆ ಕೆಳಗಿನಿಂದಲೇ ಎತ್ತಿ ಹೊಲಿಯುತ್ತೇವೆ. ಮೂತ್ರ ಸೋರುವವರಲ್ಲಿ ಕೆಲವರಿಗೆ ಮೂತ್ರನಾಳದ ಅಡಿ ಒಂದು ಸಣ್ಣ ಪಟ್ಟಿಯ ಆಸರೆ ಕೊಡುತ್ತೇವೆ. ಆಮೇಲೆ ಭಾರ ಎತ್ತದಂತೆ ಕಾಯೋದು ಮಾತ್ರ ನಮ್ಮ ಕೈಲಿಲ್ಲ."

ಅದು ವನಜಾಕ್ಷಿಯ ಕೈಲಿದೆ. ಬಿಂದಿಗೆ ಜಪ್ತಿಯ ಉಪಾಯ ಹೊಳೆದದ್ದು ತಾಂಡವಪುರದಲ್ಲಿರುವ ತಾಯಿ ಪಾಪಮ್ಮನಿಂದ.

"ಅವ್ವಂಗೆ ಆಪರೇಷನ್ ಆಗಿ ಇನ್ನೂ ವಾರ ಆಗಿತ್ತು ಅಷ್ಟೇಯ ಮೇಡಂ. ನೆಂಟ್ರು ಬಂದ್ರು ಅಂತ ಎರಡು ಬಿಂದ್ಗೆ ನೀರು ಒತ್ಕೊಂಡು ಬಂದೇ ಬುಟ್ಳು! ಒಲಿಗೆ ಕಿತ್ತೋಯ್ತು, ತಿರ್ಗಾ ಆಸ್ಪತ್ರೆ. ಬ್ಯಾಡ ಅಂದ್ರೆ ನಮ್ ಎಂಗಸ್ರು ಕೇಳ್ತಾರಾ? ಬಿಂದ್ಗೇನೇ ಇಲ್ದಿದ್ರೆ ಎಂಗೆ ಎತ್ತಾರು ಅಂತ ಅವತ್ತೇ ಎತ್ಕೊಂಡು ಬಂದೆ."

ಜಪ್ತಿಯಿಂದ ಇನ್ನೊಂದು ಲಾಭವೂ ಆಯಿತು. ಯಾಕೆ ನಲ್ಲಿಗೆ ಬರಲಿಲ್ಲ ಎಂದು ಯಾರಾದರೂ ಕೇಳಿದರೆ, 'ವನಜಾಕ್ಷಿ ಬಿಂದ್ಗೆ ಎತ್ಕೊಂಡು ಓಗವ್ಳೆ' ಎಂದರೆ ಮುಗಿಯಿತು, ಕಾಯಿಲೆಯ ಹೆಸರೆತ್ತಬೇಕಿಲ್ಲ. ಹೊಸದಾಗಿ ಕಷ್ಟಕ್ಕೆ ಸಿಕ್ಕವರೂ ಇವರ ಕಿವಿಯಲ್ಲಿ ಹೇಳುವುದು ಇಷ್ಟೇ: 'ನನ್ ಬಿಂದ್ಗೇನೂ ಎತ್ಕೊಂಡು ಓಗಮ್ಮಿ.'

ಚನ್ನಾಜಮ್ಮನಿಗೆ ಇವತ್ತು ದೊಡ್ಡ ಪರೀಕ್ಷೆ. ಬರುವ ಭಾನುವಾರ ನರಸೀಪುರದಲ್ಲಿ ಮಗಳು ಕೋಮಲಳ ಸೀಮಂತ. ಅವಳ ಮದುವೆಯಲ್ಲಿ ಈ ತಾಯಿ ತೊಟ್ಟು ನೀರೂ ಕುಡಿಯದೆ, ಯಾರೊಂದಿಗೂ ನಗದೆ ಛತ್ರದ ಮೂಲೆ ಹಿಡಿದಿದ್ದರಂತೆ. ಆಸ್ಪತ್ರೆಗೆ ಬಿಟ್ಟರೆ ಬೇರೆಲ್ಲಿಗೂ ಬಸ್ಸು ಹತ್ತಿ ವರ್ಷಗಳೇ ಆಗಿವೆ. ನಿನ್ನೆ ಡಾಕ್ಟರು ಎಲ್ಲ ಸರಿಯಿದೆ ಎಂದಿದ್ದಾರೆ, ಧೈರ್ಯ ಮಾತ್ರ ಬಂದಿಲ್ಲ.

"ಡಾಕ್ಟ್ರು ಕೆಮ್ಮುಸಿ ನೋಡ್ತಾರೆ, ನಾನು ನಗುಸಿ ನೋಡ್ತೀನಿ" ಎಂದು ಅವರ ಮನೆ ಬಾಗಿಲಲ್ಲಿ ನನಗೆ ಕಣ್ಣು ಮಿಟುಕಿಸಿದ ವನಜಾಕ್ಷಿ, "ತಕಳಿ ಅಕ್ಕಾ, ನಿಮ್ಮ ಬಿಂದ್ಗೆ. ಅರ್ಧ ಮಾತ್ರ ತುಂಬಬೇಕು" ಎಂದು ಮುಂದೆ ಚಾಚಿದರು. ಚನ್ನಾಜಮ್ಮ ಕೈ ನೀಡುವಷ್ಟರಲ್ಲಿ ಗಂಡ ದೊಡ್ಡಮಾದಯ್ಯ ನಡುವೆ ನುಗ್ಗಿ ಕಿತ್ತುಕೊಂಡರು.

"ಇತ್ಲಾಗೆ ಕೊಡಮ್ಮಿ. ಪ್ಲಾಸ್ಟಿಕ್ ಬಕೇಟಲ್ಲಿ ಒತ್ತು ಒತ್ತು ಸಾಕಾಗದೆ. ನಲ್ಲಿ ತಾವ ನಂಗೂ ಒಂದು ಪಾಳಿ ಆಗದೆ."

"ನೀರು ತರಕ್ಕೆ ಓಯ್ತೀರೋ ಬಾವ, ಎಂಗಸ್ರ ಸುದ್ದಿ ಕೇಳಕ್ಕೆ ಓಯ್ತೀರೋ?"

"ಎರಡೂವೆ. ಇವ್ಳು ಇಷ್ಟ್ ವರ್ಸ ಒಂದು ಸುದ್ದೀನೂ ನಂಗೆ ಏಳಿರ್ಲಿಲ್ಲ ಕಣವ್ವಾ!"

ಚನ್ನಾಜಮ್ಮ ಗೊಳ್ಳೆಂದು ನಕ್ಕರು. ನಗುತ್ತಲೇ ಹಳೆಯ ಅಭ್ಯಾಸಕ್ಕೆ ಕೈ ಸೀರೆಯ ನೆರಿಗೆ ಒತ್ತಿ ಹಿಡಿಯಿತು. ಒಂದು ಗಳಿಗೆ ಹಾಗೇ ನಿಂತು ಕೈ ಬಿಟ್ಟರು.

"ಏನೂ ಇಲ್ಲ ಕಣಮ್ಮಿ!" ಎಂದು ಮತ್ತೆ ನಕ್ಕರು. "ಬಾನುವಾರ ಬಸ್ಸಲ್ಲಿ ಕಿಟ್ಕಿ ಸೀಟು ನಂದೇಯ." ನನಗಂತೂ ಸಂತೋಷಕ್ಕೆ ಕಣ್ಣು ತುಂಬಿ ಬಂತು.

ನಿಮಗೇನು ಆಸೆ ಎಂದು ವಾಪಸು ಬರುವ ದಾರಿಯಲ್ಲಿ ವನಜಾಕ್ಷಿಯನ್ನು ಕೇಳುತ್ತೇನೆ. "ನಮ್ಮನೆ ಜಗಲಿ ಒಂದಿನ ಖಾಲಿ ಆಗ್ಬೇಕು ಮೇಡಂ, ಅಷ್ಟೇಯ."

ಅಷ್ಟರಲ್ಲಿ ನಲ್ಲಿಯ ಸಾಲಿನಿಂದ ಚಿಕ್ಕಬಸಮ್ಮ ಎಂಬ ಹೆಂಗಸು ಎದ್ದು ಬರುತ್ತಾರೆ. ಚನ್ನಾಜಮ್ಮನ ನಗು ಅಲ್ಲಿಗೂ ಕೇಳಿಸಿರಬೇಕು. ತಮ್ಮ ಖಾಲಿ ಬಿಂದಿಗೆಯನ್ನು ವನಜಾಕ್ಷಿಯ ಕೈಗಿಟ್ಟು ತಲೆ ತಗ್ಗಿಸುತ್ತಾರೆ.

ವನಜಾಕ್ಷಿ ಅದನ್ನು ಸೊಂಟಕ್ಕೇರಿಸಿಕೊಂಡು, "ನಾಳೆ ಮೊದಲ್ನೇ ಬಸ್ಸಿಗೆ ಓಗಮ ಅಕ್ಕಾ" ಎನ್ನುತ್ತಾರೆ. "ಜಗಲೀಲಿ ಈಗ ತಾನೆ ಜಾಗ ಆಗದೆ."