ಜೊತೆಯಾಗದ ಪಾದಗಳಿಗೆ ಒಂದು ಜೊತೆ ಶೂ

ಬೆಳಕು ಹರಿಯುವ ಹೊತ್ತು. ಮೆಟ್ಟಿಲ ಕೆಳಗಿನ ಕಿರುಕೋಣೆಯಲ್ಲಿ ಅಂಟಿನ ಘಾಟು. ಪಾದದಾಕಾರದ ಅಚ್ಚಿನ ಮೇಲೆ ಚರ್ಮ ಎಳೆದು ಮೊಳೆ ಹೊಡೆಯುತ್ತಿರುವ ಹೆಂಗಸು ಒಳಗೆ ಕಾಲಿಟ್ಟವರನ್ನು ತಲೆ ಎತ್ತದೆಯೇ ಗದರುತ್ತಾರೆ: "ಅಲ್ಲಿ ಮೆಟ್ಟಬೇಡಿ, ಅಂಟು ಒಣಗಿಲ್ಲ." ಎಡಗಾಲು ಒಂದು ಅಳತೆ, ಬಲಗಾಲು ಇನ್ನೊಂದು ಇರುವವರಿಗೆ ಈಕೆ ಶೂ ಹೊಲಿದು ಆನ್‌ಲೈನ್‌ನಲ್ಲಿ ಮಾರುತ್ತಾರೆ. ಅಂಗಡಿಗೆ ಹೋದರೆ ಅಂಥವರು ಎರಡು ಜೊತೆ ಕೊಂಡು ಒಂದೊಂದನ್ನು ಎಸೆಯಬೇಕು. ಕೋಪ ಮೂಗಿನ ತುದಿಯಲ್ಲೇ ಇರುವುದರಿಂದ ಬೀದಿಗೆಲ್ಲ ಇವರು ಕೆಂಡಕ್ಕ.

ಕೋಪಕ್ಕೆ ಕಾರಣವೂ ಇದೆ. ಮಾರಾಟದ ಮಾತೆದ್ದಾಗ ತಮ್ಮ, "ಮೊದಲು ಪೂರ್ತಿ ಕಲಿತುಬಿಡೋಣ ಅಕ್ಕಾ" ಎಂದಿದ್ದ. ಕಲಿತ, ಕಲಿತ, ಎರಡು ವರ್ಷ ಕಲಿತ. ಆನ್‌ಲೈನ್ ಮಾರಾಟದ ಒಂದು ಕೋರ್ಸ್ ಮುಗಿದರೆ ಇನ್ನೊಂದು. ಅಕ್ಕ ಹೊಲಿದ ಶೂಗಳು ಕಪಾಟಿನಲ್ಲೇ ಬೂಸ್ಟು ಹಿಡಿದವು. "ದಡದಲ್ಲಿ ಕೂತು ಈಜು ಕಲೀತಿದ್ದ. ಒಂದಿನ ರೇಗಿ ನಾನೇ ಶೂಗಳ ಫೋಟೋ ತೆಗೆದು ಆನ್‌ಲೈನ್‌ನಲ್ಲಿ ಹಾಕಿಬಿಟ್ಟೆ."

ಹಾಕಿದ್ದು ಸರಿ, ಅಳತೆ ಕೇಳಿದ ರೀತಿ ತಪ್ಪು. ಅಪಘಾತದಲ್ಲಿ ಒಂದು ಪಾದ ಮೊಟಕಾದ ಹುಡುಗಿಗೆ, ಅವಳ ತಾಯಿ ಹೇಳಿದ ನಂಬರನ್ನಷ್ಟೇ ನಂಬಿ ಶೂ ಕಳಿಸಿದರು. ಹಿಮ್ಮಡಿ ಸುಲಿದುಹೋಯಿತು. ಫೋನಿನಲ್ಲಿ ತಾಯಿ ಕೇಳಿದ ಮಾತು ಈಗಲೂ ಕುಟುಕುತ್ತದೆ: "ಬಾರದ ಕೆಲಸ ಕಲಿಯೋಕೆ ನನ್ನ ಮಗಳ ಕಾಲೇ ಬೇಕಿತ್ತಾ ನಿಮಗೆ?"

"ಅದಕ್ಕೇ ಹೇಳಿದ್ದು, ಕಲೀಬೇಕು ಅಂತ" ಎಂದ ತಮ್ಮ. ದೂರದಿಂದ ಪಾದದ ಅಳತೆ ಪಡೆಯುವುದು ಹೇಗೆಂದು ಅಕ್ಕ ಕೋರ್ಸಿನ ಮೇಷ್ಟ್ರನ್ನೇ ಕೇಳಿದರು. ಅದು ಮುಂದಿನ ಕೋರ್ಸಿನಲ್ಲಿದೆ ಎಂಬ ಉತ್ತರ ಬಂತು.

"ಮೈಯೆಲ್ಲ ಉರಿದುಹೋಯ್ತು. ಆ ಮನುಷ್ಯ ಪಾಠ ಬಿಟ್ಟು ಬೇರೇನೂ ಮಾರಿದವನಲ್ಲ. ಆದ್ರೆ ಮಗು ಕಾಲಿಗೆ ಗಾಯ ಮಾಡಿದ್ದು ಅವನಲ್ವಲ್ಲ, ನಾನು. ಆ ಸಿಟ್ಟು ಯಾರ ಮೇಲೆ ಹಾಕ್ಲಿ?"

ತಮ್ಮನ ಮೇಲೆ ಹಾಕಿದರು. "ಕಲ್ತಿದ್ದರಲ್ಲಿ ಒಂದನ್ನಾದ್ರೂ ಇವತ್ತು ಮಾಡಿ ತೋರ್ಸು. ಇಲ್ಲ, ಬಾಗಿಲಾಚೆ ನಡಿ."

ಅವನು ಮುಖ ಊದಿಸಿಕೊಂಡೇ ಕೂತು, ಕಾಗದದ ಮೇಲೆ ನಿಂತು ಪಾದದ ಸುತ್ತ ಗೆರೆ ಎಳೆಯುವುದು ಹೇಗೆಂದು ತನ್ನ ಕಾಲನ್ನೇ ಇಟ್ಟು, ಕೋರ್ಸಿನಲ್ಲಿ ಕಲಿತಂತೆ ಗಿರಾಕಿಗಳಿಗೊಂದು ವಿಡಿಯೋ ಮಾಡಿದ. ಯಾರಿಗಾದರೂ ಅರ್ಥವಾಗುವಂತಿತ್ತು. ಅವನು ಕಲಿತದ್ದು ಪೂರಾ ದಂಡವಲ್ಲ ಎಂದು ಅಕ್ಕ ಒಪ್ಪುತ್ತಾರೆ, ಅವನೆದುರು ಮಾತ್ರ ಒಪ್ಪುವುದಿಲ್ಲ.

ಈಗ ವಾರಕ್ಕೆ ನಾಲ್ಕು ಜೊತೆ ಹೋಗುತ್ತವೆ. ವಾಪಸ್ ಬಂದದ್ದನ್ನು ಇಬ್ಬರೂ ಬಿಚ್ಚಿ ನೋಡುತ್ತಾರೆ, ಎಡವಿದ್ದೆಲ್ಲೋ ಅಷ್ಟನ್ನು ಕಲಿತು ಅಂದೇ ತಿದ್ದುತ್ತಾರೆ. ಜಗಳವೇನೂ ನಿಂತಿಲ್ಲ.

ಆ ಹುಡುಗಿಗೆ ಹೊಸ ಅಳತೆ ತರಿಸಿ ಬೇರೆ ಶೂ ಕಳಿಸಿದ್ದರು. ತಿಂಗಳುಗಟ್ಟಲೆ ಸುದ್ದಿಯಿರಲಿಲ್ಲ. ಮೊನ್ನೆ ತಾಯಿಯ ಫೋನ್ ಬಂತು: ಶೂ ಸವೆದಿದೆ, ಇನ್ನೊಂದು ಜೊತೆ ಬೇಕು.

"ಕ್ಷಮಿಸಿದೆ ಅಂತೇನೂ ಅನ್ನಲಿಲ್ಲ. ಅನ್ನೋದೂ ಬೇಡ ಬಿಡಿ" ಎನ್ನುತ್ತ ಕೆಂಡಕ್ಕ ಸುತ್ತಿಗೆ ಎತ್ತಿಕೊಳ್ಳುತ್ತಾರೆ. "ಅಟ್ಟೆ ಸವೆಯೋವಷ್ಟು ನಡೆದಿದ್ದಾಳೆ."